ನೀನು ಯಾರ ಶಿಷ್ಯ? ಪ್ರಾಚೀನ ರೋಮನ್ನರ ಮನೆಗಳಲ್ಲಿ ತತ್ವನಿಷ್ಠೆ



ಸಂತ ಪೌಲರು ಅಥೆನ್ಸ್ ನಗರಕ್ಕೆ ಬಂದಾಗ ಅವರೊಡನೆ ವಾದಕ್ಕೆ ನಿಂತವರಲ್ಲಿ ಎಪಿಕೂರಿಯ ಪಂಥದವರೂ ಸ್ತೋಯಿಕ ಪಂಥದವರೂ ಇದ್ದರೆಂದು ಪ್ರೇಷಿತರ ಕಾರ್ಯಕಲಾಪಗಳು ಗ್ರಂಥದ 17ನೇ ಅಧ್ಯಾಯದಲ್ಲಿ ಓದುತ್ತೇವೆ. ಈ ಎರಡು ಹೆಸರುಗಳನ್ನು ಓದಿ ಹಾಗೆಯೇ ಮುಂದಕ್ಕೆ ಹೋಗುವುದು ನಮ್ಮೆಲ್ಲರ ರೂಢಿ. ತತ್ವಜ್ಞಾನ ಎಂದೊಡನೆ ನಮಗೆ ನೆನಪಾಗುವುದು ಕಾಲೇಜಿನ ಪಾಠ, ದಪ್ಪ ಪುಸ್ತಕ, ಗುರುಮಠದ ವಿದ್ಯಾರ್ಥಿಗಳ ಪರೀಕ್ಷೆ. ಮನೆಯ ಅಡುಗೆಗೂ ಮಕ್ಕಳ ಪಾಲನೆಗೂ ಅದಕ್ಕೂ ಏನು ಸಂಬಂಧ ಎಂದು ಕೇಳುತ್ತೇವೆ.

ಆ ಕಾಲದ ರೋಮನ್ನರಿಗೆ ಈ ಸಂಬಂಧ ಚೆನ್ನಾಗಿ ತಿಳಿದಿತ್ತು. ತಾನು ಇಂಥ ಪಂಥದವನು ಎಂದು ಒಬ್ಬನು ಹೇಳಿಕೊಂಡರೆ, ಅವನು ಏನು ಉಣ್ಣುತ್ತಾನೆ, ಕೋಪ ಬಂದಾಗ ಹೇಗೆ ನಡೆದುಕೊಳ್ಳುತ್ತಾನೆ, ಮನೆಯಲ್ಲಿ ಸಾವಾದಾಗ ಹೇಗೆ ದುಃಖಿಸುತ್ತಾನೆ ಎಂಬುದನ್ನು ಬಂಧುಮಿತ್ರರು ಗಮನಿಸುತ್ತಿದ್ದರು. ಮಾತಿಗೂ ನಡತೆಗೂ ತಾಳೆಯಾಗದಿದ್ದರೆ ನಗುತ್ತಿದ್ದರು, ಕೆಲವೊಮ್ಮೆ ಬಹಿರಂಗವಾಗಿ ಛೀಮಾರಿ ಹಾಕುತ್ತಿದ್ದರು. ಒಪ್ಪಿಕೊಂಡ ತತ್ವ ಮನೆಯೊಳಗೆ ಕಾಣಬೇಕು ಎಂಬ ಈ ನಿರೀಕ್ಷೆಯನ್ನು ಕುರಿತು ಈ ವಾರ ಸ್ವಲ್ಪ ಅಧ್ಯಯನ ಮಾಡೋಣ.

ಪಂಥಗಳು ರೋಮಿಗೆ ಬಂದ ಬಗೆ

ಮುಖ್ಯ ಪಂಥಗಳೆಲ್ಲ ಗ್ರೀಸ್ ದೇಶದಲ್ಲಿ ಹುಟ್ಟಿದವು. ಪ್ಲೇಟೊ ಅಥೆನ್ಸಿನಲ್ಲಿ ಅಕಾಡೆಮಿಯನ್ನು ಸ್ಥಾಪಿಸಿದನು. ಅವನ ಶಿಷ್ಯ ಅರಿಸ್ಟಾಟಲನಿಂದ ಇನ್ನೊಂದು ಪಂಥ ಬೆಳೆಯಿತು. ಕ್ರಿ.ಪೂ. 300ರ ಸುಮಾರಿಗೆ ಎಪಿಕ್ಯೂರಸ್ ಮತ್ತು ಜೀನೊ ಎಂಬಿಬ್ಬರು ಅದೇ ಊರಿನಲ್ಲಿ ಬೇರೆ ಬೇರೆ ಮಾರ್ಗ ಹಿಡಿದರು. ಮನಸ್ಸಿನ ನೆಮ್ಮದಿಯೇ ಬಾಳಿನ ಗುರಿ, ದೇವತೆಗಳು ಮನುಷ್ಯರ ಗೊಡವೆಗೆ ಬರುವುದಿಲ್ಲ, ಸಾವಿಗೆ ಹೆದರಬೇಕಾಗಿಲ್ಲ ಎಂದು ಎಪಿಕ್ಯೂರಸ್ ಬೋಧಿಸಿದನು. ಸದ್ಗುಣವೊಂದೇ ನಿಜವಾದ ಒಳಿತು, ವಿಶ್ವವನ್ನು ದೈವೀವಿವೇಕ ನಡೆಸುತ್ತದೆ, ಬಂದದ್ದನ್ನು ಸ್ವೀಕರಿಸಿ ಕರ್ತವ್ಯ ಮಾಡಬೇಕು ಎಂದು ಜೀನೊ ಹೇಳಿದನು. ಜೀನೊನ ಅನುಯಾಯಿಗಳೇ ಸ್ತೋಯಿಕರು.

ಕ್ರಿ.ಪೂ. 155ರಲ್ಲಿ ಅಥೆನ್ಸಿನವರು ಮೂವರು ತತ್ವಜ್ಞಾನಿಗಳನ್ನು ರಾಯಭಾರಿಗಳಾಗಿ ರೋಮಿಗೆ ಕಳುಹಿಸಿದರು. ಅವರ ಭಾಷಣ ಕೇಳಲು ಯುವಕರು ಮುಗಿಬಿದ್ದರು. ಹಳೆಯ ಕಾಲದ ಶಿಸ್ತಿನ ಮುದುಕ ಕೇಟೊ ಗಾಬರಿಗೊಂಡು, ಇವರ ಕೆಲಸವನ್ನು ಬೇಗ ಮುಗಿಸಿ ಊರಿಗೆ ಕಳುಹಿಸಿಬಿಡಿ ಎಂದು ಸೆನೆಟ್ ಸಭೆಯನ್ನು ಒತ್ತಾಯಿಸಿದನು. ಆದರೆ ನೂರು ವರ್ಷ ಕಳೆಯುವಷ್ಟರಲ್ಲಿ ದೊಡ್ಡ ಮನೆತನಗಳು ತತ್ವಜ್ಞಾನಿಗಳನ್ನು ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದವು. ಪ್ರಸಿದ್ಧ ವಾಗ್ಮಿ ಸಿಸೆರೊನ ಮನೆಯಲ್ಲಿ ಡಯೋಡೋಟಸ್ ಎಂಬ ಸ್ತೋಯಿಕ ಗುರು ಬಹುಕಾಲ ಇದ್ದನು. ಕಣ್ಣು ಕಳೆದುಕೊಂಡ ಮೇಲೂ ಪುಸ್ತಕಗಳನ್ನು ಓದಿಸಿಕೊಂಡು ಪಾಠ ಹೇಳುತ್ತಾ ಆ ಮನೆಯಲ್ಲೇ ತೀರಿಕೊಂಡನು.

ಇಲ್ಲಿ ಒಂದು ಅಂಶವನ್ನು ಗಮನದಲ್ಲಿಡಬೇಕು. ರೋಮನ್ನರಿಗೆ ಮನೆದೇವರುಗಳಿದ್ದರು, ಊರದೇವರುಗಳಿದ್ದರು, ಬಲಿ ಅರ್ಪಿಸಲು ಪುರೋಹಿತರಿದ್ದರು. ಆ ಪೂಜೆಯಲ್ಲಿ ವಿಧಿ ತಪ್ಪದಿರುವುದು ಮುಖ್ಯ. ಹೇಗೆ ಬಾಳಬೇಕು, ಹೇಗೆ ಸಾಯಬೇಕು ಎಂಬುದಕ್ಕೆ ಉತ್ತರ ಬೇಕಾದವನು ತತ್ವಜ್ಞಾನಿಯ ಬಳಿ ಹೋಗುತ್ತಿದ್ದನು. ಒಂದು ಪಂಥಕ್ಕೆ ಸೇರಿದ ಮಾತ್ರಕ್ಕೆ ಊರಿನ ಪೂಜೆಯನ್ನು ಬಿಡಬೇಕಾಗಿರಲಿಲ್ಲ. ಎರಡೂ ಜೊತೆಜೊತೆಯಾಗಿ ನಡೆಯುತ್ತಿದ್ದವು. ಈ ಮಾತು ಲೇಖನದ ಕೊನೆಯಲ್ಲಿ ನಮಗೆ ಬೇಕಾಗುತ್ತದೆ.

ಉಂಗುರದಲ್ಲಿ, ಊಟದಲ್ಲಿ

ಎಪಿಕೂರಿಯರು ತಮ್ಮ ಗುರುವನ್ನು ಅತ್ಯಂತ ಭಕ್ತಿಯಿಂದ ಕಾಣುತ್ತಿದ್ದರು. ಅವನ ಮುಖವನ್ನು ಉಂಗುರಗಳಲ್ಲಿ ಕೊರೆಯಿಸಿಕೊಳ್ಳುತ್ತಿದ್ದರು, ಕುಡಿಯುವ ಬಟ್ಟಲುಗಳ ಮೇಲೆ ಮೂಡಿಸುತ್ತಿದ್ದರು. ಮಲಗುವ ಕೋಣೆಯಲ್ಲಿ ಅವನ ಚಿತ್ರ ಇಟ್ಟುಕೊಳ್ಳುವವರ ವಿಷಯವನ್ನು ಹಿರಿಯ ಪ್ಲಿನಿ ಬರೆದಿದ್ದಾನೆ. ಪ್ರತಿ ತಿಂಗಳ 20ನೇ ದಿನ ಗುರುವಿನ ನೆನಪಿಗಾಗಿ ಎಲ್ಲರೂ ಸೇರಿ ಊಟ ಮಾಡುತ್ತಿದ್ದರು. ಇಂದು 'ಎಪಿಕೂರಿಯ' ಎಂದರೆ ಭೋಗಿ ಎಂದು ಅರ್ಥ ಮಾಡುವುದುಂಟು. ಆದರೆ ಎಪಿಕ್ಯೂರಸನು ಕಲಿಸಿದ್ದು ಸರಳ ಊಟವನ್ನೇ. ಫಿಲೊಡೀಮಸ್ ಎಂಬ ಎಪಿಕೂರಿಯ ಕವಿ ರೋಮಿನ ಗಣ್ಯನಾದ ಪಿಸೊನನ್ನು ಈ 20ನೇ ದಿನದ ಊಟಕ್ಕೆ ಆಹ್ವಾನಿಸುತ್ತಾ, ನನ್ನ ಗುಡಿಸಲಲ್ಲಿ ಭಕ್ಷ್ಯಗಳಿರುವುದಿಲ್ಲ, ಒಳ್ಳೆಯ ಗೆಳೆಯರಿರುತ್ತಾರೆ ಎಂಬ ಅರ್ಥದ ಪುಟ್ಟ ಕವಿತೆಯನ್ನೇ ಬರೆದನು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಮ್ ಎಂಬ ಊರು ಹೂತುಹೋಯಿತು. ಅಲ್ಲಿನ ಒಂದು ವೈಭವದ ಮನೆಯಲ್ಲಿ 1752ರಿಂದ ಮುಂದಕ್ಕೆ ಸುಟ್ಟು ಕರಕಲಾದ ನೂರಾರು ಗ್ರಂಥಸುರುಳಿಗಳು ಸಿಕ್ಕವು. ಓದಲು ಸಾಧ್ಯವಾದವುಗಳಲ್ಲಿ ಬಹುಪಾಲು ಈ ಫಿಲೊಡೀಮಸನ ಮತ್ತು ಅವನ ಪಂಥದವರ ಬರಹಗಳು. ಆ ಮನೆ ಪಿಸೊನ ಕುಟುಂಬದ್ದೇ ಇರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಬಿಚ್ಚಿದರೆ ಪುಡಿಯಾಗುವ ಸುರುಳಿಗಳ ಕೆಲವು ಭಾಗಗಳನ್ನು ಎಕ್ಸ್-ರೇ ಮತ್ತು ಕಂಪ್ಯೂಟರ್ ನೆರವಿನಿಂದ, ಬಿಚ್ಚದೆಯೇ, 2023-24ರಲ್ಲಿ ಓದಲಾಯಿತು.

ಸ್ತೋಯಿಕರ ಮನೆಯಲ್ಲೂ ತತ್ವ ಊಟದಿಂದಲೇ ಆರಂಭ. ಸೆನೆಕ ಎಂಬ ಪ್ರಸಿದ್ಧ ಸ್ತೋಯಿಕನು ಯುವಕನಾಗಿದ್ದಾಗ ಗುರುಗಳ ಮಾತು ಕೇಳಿ ಒಂದು ವರ್ಷ ಮಾಂಸವನ್ನು ತ್ಯಜಿಸಿದನು. ಆದರೆ ಅದು ಟಿಬೇರಿಯಸ್ ಚಕ್ರವರ್ತಿ ಪರದೇಶದ ಆಚರಣೆಗಳನ್ನು ಹತ್ತಿಕ್ಕುತ್ತಿದ್ದ ಕಾಲ. ಕೆಲವು ಬಗೆಯ ಮಾಂಸ ತಿನ್ನದವರ ಮೇಲೆ ಜನರಿಗೆ ಸಂಶಯ ಬರುತ್ತಿತ್ತು. ತಂದೆಗಂತೂ ತತ್ವಜ್ಞಾನವೆಂದರೆ ಆಗುತ್ತಿರಲಿಲ್ಲ. ತಂದೆ ಕೇಳಿಕೊಂಡದ್ದರಿಂದ ಮಗ ಮತ್ತೆ ಮೊದಲಿನಂತೆ ಊಟ ಮಾಡತೊಡಗಿದನು. ಆದರೂ ಇನ್ನೊಬ್ಬ ಗುರು ಕಲಿಸಿದಂತೆ ಗಟ್ಟಿಯಾದ ಹಾಸಿಗೆಯನ್ನು ಮುಪ್ಪಿನವರೆಗೂ ಬಿಡಲಿಲ್ಲ ಎಂದು ಅವನೇ ಬರೆದುಕೊಂಡಿದ್ದಾನೆ. ತಂದೆಯ ಮಾತು ಒಂದು ಕಡೆ, ಗುರುವಿನ ಮಾತು ಇನ್ನೊಂದು ಕಡೆ. ಇಂಥ ಇಕ್ಕಟ್ಟು ನಮ್ಮ ಮನೆಗಳಿಗೂ ಹೊಸದಲ್ಲ.

ಗೆಳೆಯರ ನಡುವೆ

ಟ್ರೆಬೇಟಿಯಸ್ ಎಂಬ ಯುವ ವಕೀಲನು ಸೀಸರನ ಸೈನ್ಯದೊಡನೆ ಗಾಲ್ ದೇಶದಲ್ಲಿದ್ದಾಗ ಎಪಿಕೂರಿಯನಾದನೆಂದು ಸಿಸೆರೊನಿಗೆ ಸುದ್ದಿ ಬಂತು. ಕ್ರಿ.ಪೂ. 53ರಲ್ಲಿ ಸಿಸೆರೊ ಅವನಿಗೆ ಒಂದು ತಮಾಷೆಯ ಕಾಗದ ಬರೆದನು. ಎಲ್ಲವನ್ನೂ ನಿನ್ನ ಸುಖಕ್ಕಾಗಿಯೇ ಮಾಡುವುದಾದರೆ ಇನ್ನು ಕಕ್ಷಿದಾರರ ಪರವಾಗಿ ನಿಲ್ಲುವುದು ಹೇಗೆ? ದೇವರಿಗೆ ಯಾರ ಮೇಲೂ ಕೋಪ ಬರುವುದೇ ಇಲ್ಲ ಎಂದಾದರೆ ಜುಪಿಟರನ ಹೆಸರಿನಲ್ಲಿ ಪ್ರಮಾಣ ಮಾಡಿಸುವುದರಿಂದ ಏನು ಪ್ರಯೋಜನ? ಹೀಗೆ ಕೇಳಿದನು. ತಮಾಷೆಯಾದರೂ ಪ್ರಶ್ನೆ ಸರಿಯಾದದ್ದೇ. ನೀನು ನಂಬುವುದಕ್ಕೂ ನಿನ್ನ ಉದ್ಯೋಗಕ್ಕೂ ಹೊಂದಿಕೆಯಾಗುತ್ತದೆಯೇ ಎಂಬುದೇ ಅದರ ತಿರುಳು.

ಸಿಸೆರೊ ಸ್ವತಃ ಅಕಾಡೆಮಿಯ ಪಂಥದವನು. ಅವನ ಪರಮಮಿತ್ರ ಅಟ್ಟಿಕಸ್ ಎಪಿಕೂರಿಯ. ಸಿಸೆರೊ ಎಪಿಕ್ಯೂರಸನ ವಿರುದ್ಧ ಪುಸ್ತಕಗಳನ್ನೇ ಬರೆದನು. ಆದರೂ ಅಟ್ಟಿಕಸನ ತಂಗಿಯನ್ನು ಸಿಸೆರೊನ ತಮ್ಮನಿಗೆ ಕೊಟ್ಟು ಮದುವೆಯಾಗಿತ್ತು. ಕಷ್ಟ ಬಂದಾಗಲೆಲ್ಲ ಅವನು ಹೋಗುತ್ತಿದ್ದುದು ಅಟ್ಟಿಕಸನ ಬಳಿಗೇ. ಗೆಳೆತನವನ್ನು ಕುರಿತು ತಾನು ಬರೆದ ಗ್ರಂಥವನ್ನು ಅಟ್ಟಿಕಸನಿಗೇ ಅರ್ಪಿಸಿದನು. ತತ್ವದಲ್ಲಿ ಭೇದವಿದ್ದರೂ ಬಾಂಧವ್ಯ ಕೆಡಲಿಲ್ಲ.

ಸಾವಿನ ಮನೆಯಲ್ಲಿ

ಕ್ರಿ.ಪೂ. 45ರಲ್ಲಿ ಸಿಸೆರೊನ ಮಗಳು ಟುಲಿಯ ಹೆರಿಗೆಯಾದ ಕೆಲವೇ ವಾರಗಳಲ್ಲಿ ತೀರಿಕೊಂಡಳು. ತಂದೆಗೆ ಪ್ರಾಣವೇ ಆಗಿದ್ದ ಮಗಳು. ಅವನು ಅಟ್ಟಿಕಸನ ಮನೆಗೆ ಹೋಗಿ, ದುಃಖ ಶಮನದ ಬಗ್ಗೆ ಅಲ್ಲಿದ್ದ ಪುಸ್ತಕಗಳನ್ನೆಲ್ಲ ಓದಿದನು. ಸಮಾಧಾನವಾಗಲಿಲ್ಲ. ಬಳಿಕ ಕಡಲ ಬದಿಯ ಒಂಟಿ ಮನೆಯಲ್ಲಿ ಕುಳಿತು ತನಗೆ ತಾನೇ ಸಾಂತ್ವನದ ಗ್ರಂಥವೊಂದನ್ನು ಬರೆದನು. ಸುಲ್ಪಿಸಿಯಸ್ ಎಂಬ ಮಿತ್ರ ಗ್ರೀಸಿನಿಂದ ಕಾಗದ ಬರೆದು, ದೊಡ್ಡ ದೊಡ್ಡ ಪಟ್ಟಣಗಳೇ ಹಾಳುಬಿದ್ದಿರುವುದನ್ನು ಕಣ್ಣಾರೆ ಕಂಡೆ, ಹೀಗಿರುವಾಗ ಒಂದು ಜೀವಕ್ಕಾಗಿ ಇಷ್ಟು ಕುಗ್ಗಬಹುದೇ ಎಂದು ಕೇಳಿದನು. ಇಷ್ಟು ಓದಿದವನು ಇಷ್ಟು ದಿನ ಅಳುವುದೇ ಎಂದು ಜನ ಆಡಿಕೊಂಡರು. ಅಂದಿನವರಿಗೆ ತತ್ವಜ್ಞಾನದ ನಿಜವಾದ ಪರೀಕ್ಷೆ ಇದೇ ಆಗಿತ್ತು. ಮಗಳನ್ನು ಕಳೆದುಕೊಂಡ ತಂದೆಗೆ ಆ ಪರೀಕ್ಷೆ ಎಷ್ಟು ಕಠಿಣವಾಗಿತ್ತೆಂಬುದು ಅವನ ಕಾಗದಗಳಿಂದ ತಿಳಿಯುತ್ತದೆ.

ಕ್ರಿ.ಶ. 41ರಲ್ಲಿ ಕಾರ್ಸಿಕ ದ್ವೀಪಕ್ಕೆ ಗಡಿಪಾರಾದ ಸೆನೆಕ ಅಲ್ಲಿಂದ ತನ್ನ ತಾಯಿ ಹೆಲ್ವಿಯಳಿಗೆ ಸಾಂತ್ವನದ ಪತ್ರ ಬರೆದನು. ಅಪ್ಪ ಹಳೆಯ ಕಟ್ಟುಪಾಡಿನ ಮನುಷ್ಯ, ನಿನಗೆ ತತ್ವಜ್ಞಾನವನ್ನು ಸರಿಯಾಗಿ ಕಲಿಯಲು ಬಿಡಲಿಲ್ಲ, ಈಗಲಾದರೂ ಕಲಿ, ಅದು ನಿನ್ನನ್ನು ಕಾಪಾಡುತ್ತದೆ ಎಂದು ತಾಯಿಗೆ ಬುದ್ಧಿ ಹೇಳಿದನು. ಈ ಸೆನೆಕನ ಅಣ್ಣನೇ ಗಲ್ಲಿಯೋ. ಕೊರಿಂಥದಲ್ಲಿ ಸಂತ ಪೌಲರನ್ನು ಎಳೆದು ತಂದಾಗ ನ್ಯಾಯಪೀಠದಲ್ಲಿದ್ದ ರಾಜ್ಯಪಾಲನೆಂದು ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ ಬರುವವನು ಇವನೇ.

ರಾತ್ರಿಯ ಆತ್ಮಶೋಧನೆ

ಮಲಗುವ ಮುನ್ನ ಆತ್ಮಶೋಧನೆ ಮಾಡಬೇಕೆಂದು ಧರ್ಮೋಪದೇಶದ ತರಗತಿಯಲ್ಲಿ ನಾವೆಲ್ಲ ಕಲಿತಿದ್ದೇವೆ. ಸೆನೆಕನೂ ಇದನ್ನು ಮಾಡುತ್ತಿದ್ದನು. ದೀಪ ಒಯ್ದ ಮೇಲೆ, ಗಂಡನ ಅಭ್ಯಾಸವನ್ನು ಬಲ್ಲ ಹೆಂಡತಿ ಮಾತು ನಿಲ್ಲಿಸುತ್ತಿದ್ದಳು. ಅವನು ಇಡೀ ದಿನವನ್ನು ಮನಸ್ಸಿನಲ್ಲಿ ತಿರುವಿಹಾಕುತ್ತಿದ್ದನು. ಇಂದು ಯಾವ ಕೆಟ್ಟ ಗುಣವನ್ನು ತಡೆದೆ? ಆ ವಾದದಲ್ಲಿ ಮಾತು ಬಿರುಸಾಯಿತಲ್ಲವೇ? ಅವನನ್ನು ತಿದ್ದಲು ಹೋಗಿ ನೋಯಿಸಿದೆನಲ್ಲವೇ? ಹೀಗೆ ಯಾವುದನ್ನೂ ಬಚ್ಚಿಡದೆ ತನ್ನನ್ನು ತಾನೇ ವಿಚಾರಿಸಿಕೊಂಡು, ಇನ್ನು ಮುಂದೆ ಹಾಗೆ ಮಾಡಬೇಡ ಎಂದು ಹೇಳಿಕೊಂಡು ನಿದ್ರೆಗೆ ಹೋಗುತ್ತಿದ್ದನು. ಗಂಡನ ಅಭ್ಯಾಸಕ್ಕೆ ಹೆಂಡತಿಯ ಮೌನದ ಸಹಕಾರವಿತ್ತು ಎಂಬುದನ್ನು ದಂಪತಿಗಳು ವಿಶೇಷವಾಗಿ ಗಮನಿಸಬೇಕು.

ಗಂಡನಿಗೊಂದು, ಹೆಂಡತಿಗೊಂದು ನ್ಯಾಯವೇ?

ಇದೇ ಶತಮಾನದಲ್ಲಿ ಮುಸೋನಿಯಸ್ ರೂಫಸ್ ಎಂಬ ಸ್ತೋಯಿಕನು ಹೆಣ್ಣುಮಕ್ಕಳೂ ತತ್ವಜ್ಞಾನ ಕಲಿಯಬೇಕೆಂದು ಬೋಧಿಸಿದನು. ಗಂಡಿಗೂ ಹೆಣ್ಣಿಗೂ ಸದ್ಗುಣ ಒಂದೇ, ಆದ್ದರಿಂದ ಶಿಕ್ಷಣವೂ ಒಂದೇ ಇರಬೇಕು ಎಂಬುದು ಅವನ ವಾದ. ಯಜಮಾನನು ಮನೆಯ ದಾಸಿಯನ್ನು ಬಳಸಿಕೊಂಡರೆ ಅಂದಿನ ಸಮಾಜ ತಪ್ಪೆಂದು ಎಣಿಸುತ್ತಿರಲಿಲ್ಲ. ಹೆಂಡತಿ ಒಬ್ಬ ದಾಸನೊಡನೆ ಹಾಗೆ ನಡೆದುಕೊಂಡರೆ ಒಪ್ಪುತ್ತೀರಾ ಎಂದು ಮುಸೋನಿಯಸ್ ಗಂಡಸರನ್ನು ನೇರವಾಗಿ ಕೇಳಿದನು. ಹೆತ್ತ ಮಕ್ಕಳನ್ನು ಬೀದಿಯಲ್ಲಿ ಬಿಟ್ಟುಬರುವ ಅಂದಿನ ಪದ್ಧತಿಯನ್ನೂ ಅವನು ಖಂಡಿಸಿದನು. ಅವನ ಶಿಷ್ಯನಾದ ಎಪಿಕ್ಟೀಟಸ್ ಒಬ್ಬ ಗುಲಾಮ. ಕಾಲು ಕುಂಟು. ಬಿಡುಗಡೆಯಾದ ಮೇಲೆ ಅವನೇ ದೊಡ್ಡ ಗುರುವಾದನು. ಕುರಿಗಳು ತಾವೆಷ್ಟು ಮೇದೆವೆಂದು ತೋರಿಸಲು ಹುಲ್ಲನ್ನು ಕುರುಬನ ಮುಂದೆ ತಂದು ಹಾಕುವುದಿಲ್ಲ, ಮೇದದ್ದನ್ನು ಅರಗಿಸಿಕೊಂಡು ಉಣ್ಣೆಯನ್ನೂ ಹಾಲನ್ನೂ ಕೊಡುತ್ತವೆ, ನೀವೂ ಓದಿದ್ದನ್ನು ಹಾಗೆಯೇ ನಡತೆಯಲ್ಲಿ ತೋರಿಸಿ ಎಂಬುದು ಅವನ ಉಪದೇಶದ ಸಾರ.

ಆದರೆ ಎಲ್ಲರೂ ಹಾಗೆ ಬಾಳಲಿಲ್ಲ. ನೀರೊ ಚಕ್ರವರ್ತಿಯ ಗುರುವಾಗಿದ್ದ ಸೆನೆಕ ಅಪಾರ ಶ್ರೀಮಂತನಾದನು. ನಾಲ್ಕೇ ವರ್ಷದ ರಾಜಸ್ನೇಹದಲ್ಲಿ 30 ಕೋಟಿ ಸೆಸ್ಟರ್ಸ್ ನಾಣ್ಯ ಕೂಡಿಹಾಕಿದ್ದು ಯಾವ ತತ್ವದಿಂದ ಎಂದು ಅವನ ವೈರಿಯೊಬ್ಬನು ಕ್ರಿ.ಶ. 58ರಲ್ಲಿ ಬಹಿರಂಗವಾಗಿ ಹಂಗಿಸಿದನು. ಹೀಗೆ ಕೇಳಲು ಸಾಧ್ಯವಾದದ್ದೇ ಸೆನೆಕ ತನ್ನನ್ನು ತತ್ವನಿಷ್ಠನೆಂದು ಕರೆದುಕೊಂಡದ್ದರಿಂದ. ಸಾಮಾನ್ಯ ಶ್ರೀಮಂತನನ್ನು ಯಾರೂ ಹಾಗೆ ಕೇಳುತ್ತಿರಲಿಲ್ಲ.

ಜಸ್ಟಿನ್ ಮತ್ತು ರಸ್ಟಿಕಸ್

ಇಂಥ ಸಮಾಜದಲ್ಲಿ ಕ್ರೈಸ್ತವಿಶ್ವಾಸ ಹರಡಿತು. ಪಲೆಸ್ತೀನದ ನೆಯಾಪೊಲಿಸ್ ಎಂಬ ಊರಿನಲ್ಲಿ ಹುಟ್ಟಿದ ಜಸ್ಟಿನ್ ಸತ್ಯವನ್ನು ಹುಡುಕುತ್ತಾ ಪಂಥದಿಂದ ಪಂಥಕ್ಕೆ ಅಲೆದರು. ಸ್ತೋಯಿಕ ಗುರು ದೇವರ ವಿಷಯ ಹೇಳಲಿಲ್ಲ. ಅರಿಸ್ಟಾಟಲನ ಪಂಥದವನು ಕೆಲವೇ ದಿನಗಳಲ್ಲಿ ಶುಲ್ಕ ಕೇಳಿದನು. ಪೈಥಾಗೊರಸನ ಪಂಥದವನು ಮೊದಲು ಸಂಗೀತ, ಖಗೋಳ, ರೇಖಾಗಣಿತ ಕಲಿತು ಬಾ ಎಂದನು. ಪ್ಲೇಟೊನ ಬೋಧನೆ ಅವರಿಗೆ ಹಿಡಿಸಿತು. ಅಷ್ಟರಲ್ಲಿ ಕಡಲ ಸಮೀಪ ಭೇಟಿಯಾದ ಒಬ್ಬ ವೃದ್ಧರು ಪ್ರವಾದಿಗಳ ಮತ್ತು ಕ್ರಿಸ್ತರ ವಿಷಯ ತಿಳಿಸಿದರು. ಜಸ್ಟಿನ್ ಕ್ರೈಸ್ತರಾದರು. ಆದರೆ ತತ್ವಜ್ಞಾನಿಗಳು ಹೊದೆಯುವ ಮೇಲುವಸ್ತ್ರವನ್ನು ತೆಗೆದುಹಾಕಲಿಲ್ಲ. ಇದೇ ನಿಜವಾದ ತತ್ವಜ್ಞಾನ ಎಂದು ರೋಮಿನಲ್ಲಿ ತಮ್ಮ ವಾಸದ ಮನೆಯಲ್ಲೇ ಬಂದವರಿಗೆಲ್ಲ ಕಲಿಸಿದರು.

ಕ್ರಿ.ಶ. 165ರ ಸುಮಾರಿಗೆ ಅವರನ್ನು ಆರು ಮಂದಿ ಸಂಗಡಿಗರೊಡನೆ ನಗರಾಧಿಕಾರಿ ಜೂನಿಯಸ್ ರಸ್ಟಿಕಸನ ಮುಂದೆ ನಿಲ್ಲಿಸಲಾಯಿತು. ಈ ರಸ್ಟಿಕಸ್ ಕ್ರೂರಿ ಎಂದು ಹೆಸರಾದವನಲ್ಲ, ಗೌರವಸ್ಥ ಸ್ತೋಯಿಕ. ಚಕ್ರವರ್ತಿ ಮಾರ್ಕಸ್ ಔರೇಲಿಯಸನ ಗುರು. ಗುಲಾಮನಾಗಿದ್ದ ಎಪಿಕ್ಟೀಟಸನ ಬೋಧನೆಗಳನ್ನು ತನ್ನ ಮನೆಯ ಪ್ರತಿಯಿಂದಲೇ ಚಕ್ರವರ್ತಿಗೆ ಓದಲು ಕೊಟ್ಟವನು. ಆದರೆ ದೇವತೆಗಳಿಗೆ ಬಲಿ ಅರ್ಪಿಸುವುದು ಅವನಿಗೆ ಪ್ರಜೆಯ ಸಾಮಾನ್ಯ ಕರ್ತವ್ಯ. ಯಾವ ತತ್ವವನ್ನಾದರೂ ನಂಬಿ, ಬಲಿಯನ್ನು ಮಾತ್ರ ಅರ್ಪಿಸಿ ಎಂಬುದು ರೋಮನ್ನರ ರೀತಿ ಎಂದು ಮೊದಲೇ ನೋಡಿದೆವು. ಕ್ರೈಸ್ತರು ಅದನ್ನು ಒಪ್ಪಲಿಲ್ಲ. ಅವರ ನಿಷ್ಠೆಯನ್ನು ಎರಡು ಪಾಲು ಮಾಡಲು ಬರುತ್ತಿರಲಿಲ್ಲ.

ವಿಚಾರಣೆಯ ದಾಖಲೆ ಉಳಿದು ಬಂದಿದೆ. ಯಾವ ಬೋಧನೆಯನ್ನು ಅನುಸರಿಸುತ್ತೀ ಎಂದು ರಸ್ಟಿಕಸ್ ಕೇಳಿದನು. ಎಲ್ಲ ಬೋಧನೆಗಳನ್ನೂ ಕಲಿಯಲು ಯತ್ನಿಸಿ ಕೊನೆಗೆ ಕ್ರೈಸ್ತರ ಸತ್ಯಬೋಧನೆಗೆ ಒಪ್ಪಿಸಿಕೊಂಡಿದ್ದೇನೆ ಎಂದರು ಜಸ್ಟಿನ್. ಸಂಗಡಿಗರಲ್ಲಿ ಖರಿತೊ ಎಂಬ ಹೆಂಗಸಿದ್ದಳು, ಚಕ್ರವರ್ತಿಯ ಗುಲಾಮನಾದ ಎವೆಲ್ಪಿಸ್ತಸ್ ಇದ್ದನು. ನಿಮ್ಮನ್ನು ಕ್ರೈಸ್ತರನ್ನಾಗಿ ಮಾಡಿದವನು ಜಸ್ಟಿನನೇ ಎಂದು ಅಧಿಕಾರಿ ವಿಚಾರಿಸಿದಾಗ ಎವೆಲ್ಪಿಸ್ತಸ್ ಕೊಟ್ಟ ಉತ್ತರ ಮನಮುಟ್ಟುವಂಥದು. ಜಸ್ಟಿನರ ಮಾತುಗಳನ್ನು ಸಂತೋಷದಿಂದ ಕೇಳಿದೆ, ಆದರೆ ಈ ವಿಶ್ವಾಸ ನನಗೆ ಬಂದದ್ದು ನನ್ನ ತಂದೆತಾಯಿಯಿಂದ ಎಂದನು. ಪಯೋನ್ ಎಂಬ ಇನ್ನೊಬ್ಬನೂ ಹಾಗೆಯೇ ಹೇಳಿದನು. ಬಲಿ ಅರ್ಪಿಸಲು ಎಲ್ಲರೂ ನಿರಾಕರಿಸಿದರು. ಏಳು ಮಂದಿಯೂ ರಕ್ತಸಾಕ್ಷಿಗಳಾದರು. ಧರ್ಮಸಭೆ ಸಂತ ಜಸ್ಟಿನರ ಸ್ಮರಣೆಯನ್ನು ಜೂನ್ 1ರಂದು ಆಚರಿಸುತ್ತದೆ.

ಒಬ್ಬ ಗುಲಾಮನ ಬೋಧನೆಯನ್ನು ಅಷ್ಟು ಗೌರವಿಸಿದ ರಸ್ಟಿಕಸ್, ಎದುರಿಗೆ ನಿಂತ ಗುಲಾಮನ ಮಾತಿಗೆ ಕಿವಿಗೊಡಲಿಲ್ಲ. ಓದು, ಶಿಸ್ತು, ಆತ್ಮಶೋಧನೆ ಎಲ್ಲವೂ ಇದ್ದರೂ, ಎದುರಿಗಿರುವವನನ್ನು ಕಾಣದೆ ಹೋಗುವ ಅಪಾಯ ಮನುಷ್ಯನಿಗೆ ಉಂಟು. ಈ ಎಚ್ಚರಿಕೆ ರಸ್ಟಿಕಸನಿಗೆ ಮಾತ್ರವಲ್ಲ, ಜಪಸರ ಹಿಡಿದ ನಮಗೂ ಅನ್ವಯಿಸುತ್ತದೆ.

ನಮ್ಮ ಕುಟುಂಬಗಳಿಗೆ

ಜಗದ್ಗುರು 16ನೇ ಬೆನೆಡಿಕ್ಟರು 2007ರ 'ಸ್ಪೇ ಸಾಲ್ವಿ' ವಿಶ್ವಪರಿಪತ್ರದಲ್ಲಿ ರೋಮಿನ ಹಳೆಯ ಕ್ರೈಸ್ತ ಶವಪೆಟ್ಟಿಗೆಗಳ ಮೇಲಿನ ಕೆತ್ತನೆಗಳನ್ನು ನೆನಪಿಸಿದ್ದಾರೆ. ಅವುಗಳಲ್ಲಿ ಕ್ರಿಸ್ತರನ್ನು ಕುರುಬನಾಗಿಯೂ ತತ್ವಜ್ಞಾನಿಯಾಗಿಯೂ ತೋರಿಸಲಾಗಿದೆ. ಬಾಳುವುದನ್ನೂ ಸಾಯುವುದನ್ನೂ ಕಲಿಸುವವನೇ ನಿಜವಾದ ತತ್ವಜ್ಞಾನಿ ಎಂದು ಅಂದಿನ ಜನ ತಿಳಿದಿದ್ದರು. ಆದ್ದರಿಂದ ತಮ್ಮವರ ಸಮಾಧಿಯ ಮೇಲೆ ಯೇಸುಸ್ವಾಮಿಯನ್ನು ಆ ರೂಪದಲ್ಲಿ ಕೆತ್ತಿಸಿದರು.

ದೀಕ್ಷಾಸ್ನಾನದ ದಿನ ನಮ್ಮ ಪರವಾಗಿ ಹೆತ್ತವರೂ ಜ್ಞಾನ ತಂದೆತಾಯಿಗಳೂ ಮಾತು ಕೊಟ್ಟರು. ನಾವು ಯಾರ ಶಿಷ್ಯರೆಂಬುದು ಅಂದೇ ನಿಶ್ಚಯವಾಯಿತು. ಅದು ನಮ್ಮ ಊಟದಲ್ಲಿ, ವ್ಯವಹಾರದಲ್ಲಿ, ಕೆಲಸದವರನ್ನು ನಡೆಸಿಕೊಳ್ಳುವ ರೀತಿಯಲ್ಲಿ, ದುಃಖದ ದಿನಗಳಲ್ಲಿ ಕಾಣುತ್ತದೆಯೇ ಎಂದು ನೆರೆಯವರು ನೋಡುತ್ತಿರುತ್ತಾರೆ. ಅವರಿಗಿಂತ ಹತ್ತಿರದಿಂದ ನಮ್ಮ ಮಕ್ಕಳು ನೋಡುತ್ತಿರುತ್ತಾರೆ. ಎವೆಲ್ಪಿಸ್ತಸನ ತಂದೆತಾಯಿಯ ಹೆಸರು ದಾಖಲೆಯಲ್ಲಿಲ್ಲ. ಅವರು ಮನೆಯಲ್ಲಿ ಕಲಿಸಿದ್ದನ್ನು ಮಾತ್ರ ಮಗ ನ್ಯಾಯಾಲಯದಲ್ಲಿ ಮರೆಯಲಿಲ್ಲ.

ಮನೆಯಲ್ಲಿ ಒಟ್ಟಿಗೆ ಕುಳಿತು ವಿಚಾರಿಸಲು:

1. ನಾವು ಕ್ರೈಸ್ತರೆಂದು ನಮ್ಮ ಮನೆಗೆ ಬಂದವರಿಗೆ ಗೋಡೆಯ ಮೇಲಿನ ಚಿತ್ರಗಳಿಂದಲ್ಲದೆ ಬೇರೆ ಯಾವುದರಿಂದ ತಿಳಿಯುತ್ತದೆ?

2. ರಾತ್ರಿಯ ಪ್ರಾರ್ಥನೆಯ ನಂತರ ಐದು ನಿಮಿಷದ ಆತ್ಮಶೋಧನೆಗೆ ಗಂಡ, ಹೆಂಡತಿ, ಮಕ್ಕಳು ಒಬ್ಬರಿಗೊಬ್ಬರು ಹೇಗೆ ಸಹಕರಿಸಬಹುದು?

3. ಬೇರೆ ನಂಬಿಕೆಯ ಗೆಳೆಯರೊಡನೆ, ಸಿಸೆರೊ ಮತ್ತು ಅಟ್ಟಿಕಸರಂತೆ, ನಮ್ಮ ನಿಷ್ಠೆಯನ್ನೂ ಬಿಡದೆ ಸ್ನೇಹವನ್ನೂ ಕೆಡಿಸದೆ ಇರುವುದು ಹೇಗೆ?

4. ನಮ್ಮ ಮನೆಯಲ್ಲಿ ದುಡಿಯುವವರ ಮಾತನ್ನು ನಾವು ಕಿವಿಗೊಟ್ಟು ಕೇಳುತ್ತೇವೆಯೇ?